ಮೂಗಲ್ಲಿ ಸಿಕ್ಕಿದ್ದೇ ಎದೆಯ ಕಾಯಿಲೆಗೆ ಕಾರಣವಾ?

ಕಳೆದ ಆಗಸ್ಟ್‌ನಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಅಕ್ಕ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದಳು. ಅದನ್ನು ತೆರೆಯುವ ಮೊದಲೇ ಫೋನೂ ಬಂತು.

"ನೋಡೋ, ನೀನು ಇಂಜಿನಿಯರಿಂಗ್ ಓದಿದವನು. ಇದರಲ್ಲಿ ಮೂರು ಕಡೆ ಪಾಸಿಟಿವ್ ಅಂತ ಕೆಂಪಕ್ಷರದಲ್ಲಿ ಹಾಕಿದ್ದಾರೆ. ಮೂರು ಕಾಯಿಲೆ ಬಂದಿದೆಯೇನೋ ನನ್ನ ಮಗನಿಗೆ?"

ಅವಳ ಮಗನಿಗೆ ಆಗ ಹನ್ನೊಂದು ತಿಂಗಳು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ದಿನದಿಂದ ಮಲಗಿದ್ದ. ಕೆಮ್ಮು, ಜ್ವರ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಸೇದಿಕೊಳ್ಳೋದು. ಮೂಗಿಗೆ ಆಕ್ಸಿಜನ್ ಕೊಳವೆ, ಕೈಗೆ ಡ್ರಿಪ್, ಡ್ರಿಪ್‌ನಲ್ಲಿ ಆ್ಯಂಟಿಬಯಾಟಿಕ್. ಆ ಪಿಡಿಎಫ್ ಅವನ ಮೂಗು-ಗಂಟಲಿನಿಂದ ತೆಗೆದ ಸ್ವ್ಯಾಬ್‌ನ ರಿಪೋರ್ಟು. ಇಪ್ಪತ್ತಕ್ಕೂ ಹೆಚ್ಚು ವೈರಸ್, ಬ್ಯಾಕ್ಟೀರಿಯಾಗಳನ್ನು ಒಂದೇ ಏಟಿಗೆ ಹುಡುಕುವ ಪಿಸಿಆರ್ ಪರೀಕ್ಷೆ. ಬಿಲ್ಲು ಒಂಬತ್ತು ಸಾವಿರ ದಾಟಿತ್ತು. ಪಾಸಿಟಿವ್ ಬಂದಿದ್ದು ರೈನೋವೈರಸ್, ನ್ಯುಮೊಕಾಕಸ್ ಮತ್ತು ಹಿಮೋಫಿಲಸ್ ಇನ್‌ಫ್ಲುಯೆಂಜೆ.

ಮರುದಿನ ಬಸ್ಸು ಹತ್ತಿ ಹೋದೆ. ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿದೆ: "ಈ ಮೂರರಲ್ಲಿ ಯಾವುದು ಡಾಕ್ಟ್ರೇ?"

"ಗೊತ್ತಿಲ್ಲ," ಅಂದರು. "ಒಂದಿರಬಹುದು, ಎರಡಿರಬಹುದು. ಮೂರೂ ಅಲ್ಲದೇ ಇರಬಹುದು."

ಮತ್ತೆ ಟೆಸ್ಟ್ ಯಾಕೆ ಮಾಡಿಸಿದ್ರಿ ಅಂತ ನನ್ನ ಬಾಯಿಗೆ ಬಂದಿದ್ದನ್ನು ಅವರೇ ಊಹಿಸಿದರು. "ಟೆಸ್ಟ್ ಮಾಡಿಸದಿದ್ದರೆ ಯಾಕೆ ಮಾಡಿಸಲಿಲ್ಲ ಅಂತ ಕೇಳ್ತೀರಿ. ಇನ್ಶೂರೆನ್ಸ್‌ನವರೂ ಕೇಳ್ತಾರೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ನೇರವಾಗಿ "ಗೊತ್ತಿಲ್ಲ" ಅನ್ನುವ ಡಾಕ್ಟರು ಸಿಗೋದು ಅಪರೂಪ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಯುನಿಸೆಫ್ ಲೆಕ್ಕದಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು ನ್ಯುಮೋನಿಯಾದಿಂದ ಸಾಯುತ್ತಾರೆ. ಇಷ್ಟು ದೊಡ್ಡ ಕಾಯಿಲೆಗೆ, ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವ ಒಂದು ಮಗುವನ್ನು ತೋರಿಸಿ, ಇದಕ್ಕೆ ಕಾರಣ ಇಂಥದ್ದೇ ಅಂತ 2020ರ ದಶಕದಲ್ಲೂ ಹೇಳಲು ಆಗುವುದಿಲ್ಲ ಅಂದರೆ ಏನರ್ಥ?

ಎದೆ ಕೈಗೆ ಸಿಗೋದಿಲ್ಲ

ಮೊದಲ ತೊಂದರೆ ತೀರಾ ಸರಳ. ಕಾಯಿಲೆ ಇರೋದು ಶ್ವಾಸಕೋಶದ ಆಳದಲ್ಲಿ. ಸ್ಯಾಂಪಲ್ ಸಿಗೋದು ಮೂಗಿನಲ್ಲಿ.

ದೊಡ್ಡವರಾದರೆ ಕೆಮ್ಮಿ ಕಫ ಉಗುಳುತ್ತಾರೆ. ಪುಟ್ಟ ಮಕ್ಕಳು ಉಗುಳೋದಿಲ್ಲ, ನುಂಗಿಬಿಡುತ್ತಾರೆ. ಮಕ್ಕಳಲ್ಲಿ ಟಿಬಿ ಹುಡುಕಬೇಕಾದಾಗ ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆಯ ದ್ರವ ತೆಗೆಯುವುದು ಈ ಕಾರಣಕ್ಕೇ. ಈಗ ಮಲದ ಸ್ಯಾಂಪಲ್‌ನಲ್ಲೂ ಟಿಬಿ ಹುಡುಕಬಹುದು. ಆದರೆ ಬೇರೆ ಸೂಕ್ಷ್ಮಾಣುಗಳ ವಿಷಯದಲ್ಲಿ ಹೊಟ್ಟೆ ತಲುಪಿದ ಕಫ ಉಪಯೋಗಕ್ಕೆ ಬರೋದಿಲ್ಲ.

ರಕ್ತ? ರಕ್ತದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದು ಗಟ್ಟಿ ಸಾಕ್ಷಿ. ಆದರೆ ನ್ಯುಮೋನಿಯಾ ಆದ ಬಹುತೇಕ ಮಕ್ಕಳಲ್ಲಿ ಬ್ಯಾಕ್ಟೀರಿಯಾ ಶ್ವಾಸಕೋಶ ಬಿಟ್ಟು ರಕ್ತಕ್ಕೆ ಇಳಿದಿರುವುದೇ ಇಲ್ಲ. ಜೊತೆಗೆ ನಮ್ಮಲ್ಲಿ ಆಸ್ಪತ್ರೆಗೆ ಬರುವ ಮೊದಲೇ ಊರ ಮೆಡಿಕಲ್ ಶಾಪ್‌ನ ಸಿರಪ್ಪು ಎರಡು ದಿನ ಹೊಟ್ಟೆಗೆ ಹೋಗಿರುತ್ತದೆ. ಅದಾದಮೇಲೆ ಲ್ಯಾಬಿನ ಬಾಟಲಿಯಲ್ಲಿ ಏನೂ ಬೆಳೆಯುವುದಿಲ್ಲ.

ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ ನಿಜ. ಅದು ವೈರಸ್‌ನದ್ದಾ ಬ್ಯಾಕ್ಟೀರಿಯಾದ್ದಾ ಅಂತ ಮಚ್ಚೆ ಹೇಳುವುದಿಲ್ಲ. ಒಂದೇ ಫಿಲ್ಮನ್ನು ಇಬ್ಬರು ತಜ್ಞರಿಗೆ ಕೊಟ್ಟರೆ ಬೇರೆಬೇರೆ ಉತ್ತರ ಬರೋದು ಮಾಮೂಲು. ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆಗಳು ಬ್ಯಾಕ್ಟೀರಿಯಾ ಇದ್ದಾಗ ಹೆಚ್ಚು ಏರುತ್ತವೆ, ಆದರೆ ವೈರಸ್ ಸೋಂಕಿನ ಎಷ್ಟೋ ಮಕ್ಕಳಲ್ಲೂ ಏರುತ್ತವೆ.

ನಿಜವಾಗಿ ಖಾತ್ರಿಯ ದಾರಿ ಒಂದೇ. ಎದೆಗೆ ಸೂಜಿ ಚುಚ್ಚಿ, ಸೋಂಕಾದ ಶ್ವಾಸಕೋಶದಿಂದಲೇ ಒಂದು ಹನಿ ಎಳೆಯುವುದು. ಪಪುವಾ ನ್ಯೂ ಗಿನಿ, ಗ್ಯಾಂಬಿಯಾದಂಥ ಕಡೆ ವೈದ್ಯರು ಇದನ್ನು ಮಾಡಿದ್ದಾರೆ. 1970-80ರ ದಶಕದಲ್ಲಿ ಪಪುವಾ ನ್ಯೂ ಗಿನಿಯ ಗೊರೋಕಾದಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು ಹೀಗೆ ತೆಗೆದ ಸ್ಯಾಂಪಲ್‌ಗಳಿಂದಲೇ ಬಡದೇಶಗಳ ಮಕ್ಕಳ ತೀವ್ರ ನ್ಯುಮೋನಿಯಾದಲ್ಲಿ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು ಅಂತ ತೋರಿಸಿದ್ದು. ಆದರೆ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಸೋರುವ ಅಪಾಯ ಇದೆ. ಮಚ್ಚೆ ಎದೆಯ ಅಂಚಿಗೆ ಅಂಟಿಕೊಂಡಿದ್ದರೆ ಮಾತ್ರ ಸಾಧ್ಯ. ಹನ್ನೊಂದು ತಿಂಗಳ ಕೂಸಿನ ಎದೆಗೆ ಸೂಜಿ ಹಾಕ್ತೀವಿ ಅಂದರೆ ಅಕ್ಕ ಆ ಡಾಕ್ಟರನ್ನು ವಾರ್ಡಿನಿಂದಲೇ ಓಡಿಸುತ್ತಿದ್ದಳು.

ಹಾಗಾಗಿ ಎಲ್ಲರೂ ಮೂಗಿಗೇ ಬರುತ್ತಾರೆ.

ಒಳ್ಳೇ ದಿನದ ಲಾಗ್

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಎರಡು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೆ. ಸರ್ವರ್ ಬಿದ್ದಾಗ ಲಾಗ್ ತೆರೆದರೆ ಕೆಂಪು ಎರರ್‌ಗಳ ಸಾಲೇ ಕಾಣುತ್ತದೆ. ಹೊಸಬರು ಮೊದಲು ಕಂಡ ಎರರ್ ಹಿಡಿದು ಅದೇ ಕಾರಣ ಅಂತ ಕೂಗುತ್ತಾರೆ. ನಮ್ಮ ಲೀಡ್ ಒಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸರ್ವರ್ ಚೆನ್ನಾಗಿ ಓಡ್ತಿದ್ದ ದಿನದ ಲಾಗ್ ನೋಡಿದ್ಯಾ? ಅದರಲ್ಲೂ ಇದೇ ಎರರ್ ಇದೆಯಾ?" ಹತ್ತರಲ್ಲಿ ಎಂಟು ಸಲ ಇರುತ್ತಿತ್ತು.

ನ್ಯುಮೋನಿಯಾದ ವಿಷಯದಲ್ಲಿ ಈ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ ಕೇಳಿದ್ದು ಪರ್ಚ್ ಎಂಬ ಅಧ್ಯಯನ. ಬಾಂಗ್ಲಾದೇಶ, ಥಾಯ್ಲೆಂಡ್, ಕೀನ್ಯಾ, ಗ್ಯಾಂಬಿಯಾ, ಮಾಲಿ, ಜಾಂಬಿಯಾ, ದಕ್ಷಿಣ ಆಫ್ರಿಕಾ, ಹೀಗೆ ಏಳು ದೇಶಗಳಲ್ಲಿ 2011ರಿಂದ 2014ರವರೆಗೆ ನಡೆಯಿತು. ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 4,232 ಮಕ್ಕಳು ಒಂದು ಕಡೆ, ಅದೇ ಊರುಗಳ ನ್ಯುಮೋನಿಯಾ ಇಲ್ಲದ 5,119 ಮಕ್ಕಳು ಇನ್ನೊಂದು ಕಡೆ. ಇಬ್ಬರಿಗೂ ಅದೇ ಸ್ವ್ಯಾಬ್, ಅದೇ ಪಿಸಿಆರ್. ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ಎಚ್‌ಐವಿ ಇಲ್ಲದ, ಎಕ್ಸ್‌ರೇಯಲ್ಲೂ ತೊಂದರೆ ಕಂಡ ಮಕ್ಕಳ ಗುಂಪಿನಲ್ಲಿ ಮೂಗು-ಗಂಟಲಲ್ಲಿ ಏನಾದರೊಂದು ಸೂಕ್ಷ್ಮಾಣು ಸಿಕ್ಕಿದ್ದು ಶೇ 98.9 ಮಕ್ಕಳಲ್ಲಿ. ನ್ಯುಮೋನಿಯಾ ಇಲ್ಲದ ಮಕ್ಕಳಲ್ಲಿ? ಶೇ 98.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಕ್ಕನ ಪಿಡಿಎಫ್ ನನಗೆ ಅರ್ಥವಾಯಿತು. ಮಕ್ಕಳ ಮೂಗು ಸಂತೆ ಇದ್ದಹಾಗೆ, ಎಲ್ಲರೂ ಬಂದು ಹೋಗುತ್ತಿರುತ್ತಾರೆ. ನ್ಯುಮೊಕಾಕಸ್ ಅಂತೂ ಆಟವಾಡಿಕೊಂಡಿರುವ ಮಕ್ಕಳ ಮೂಗಲ್ಲೂ ತಿಂಗಳುಗಟ್ಟಲೆ ತಣ್ಣಗೆ ಕೂತಿರುತ್ತದೆ. ಅದೇ ಅಧ್ಯಯನದಲ್ಲಿ ರಕ್ತದ ಕಲ್ಚರ್ ಪಾಸಿಟಿವ್ ಬಂದಿದ್ದು 1,749 ಮಕ್ಕಳಲ್ಲಿ 56 ಮಂದಿಗೆ ಮಾತ್ರ.

ಹಿಮೋಫಿಲಸ್ ಇನ್‌ಫ್ಲುಯೆಂಜೆ ಹೆಸರಿನಲ್ಲೇ ಈ ತಪ್ಪಿನ ಗುರುತು ಉಳಿದಿದೆ. 1889ರಿಂದ ಜಗತ್ತಿನಲ್ಲಿ ದೊಡ್ಡ ಫ್ಲೂ ಹಬ್ಬಿತ್ತು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ರೋಗಿಗಳಲ್ಲಿ ಈ ಬ್ಯಾಕ್ಟೀರಿಯಾ ಕಂಡು, ಫ್ಲೂಗೆ ಇದೇ ಕಾರಣ ಅಂತ ಘೋಷಿಸಿದರು. ಹೆಸರೂ ಹಾಗೇ ಬಿತ್ತು. ಮನುಷ್ಯರ ಫ್ಲೂಗೆ ನಿಜವಾದ ಕಾರಣವಾದ ವೈರಸ್ ಸಿಕ್ಕಿದ್ದು 1933ರಲ್ಲಿ. ಬ್ಯಾಕ್ಟೀರಿಯಾ ಅಲ್ಲಿ ಇದ್ದಿದ್ದು ನಿಜ, ಫ್ಲೂ ತಂದಿದ್ದು ಅದಲ್ಲ. ರಿಪೋರ್ಟಿನಲ್ಲಿ ಆ ಹೆಸರು ನೋಡಿ ಅಕ್ಕ "ಫ್ಲೂನೂ ಬಂದಿದೆಯಂತೆ" ಅಂತ ಅಮ್ಮನಿಗೆ ಹೇಳಿಯಾಗಿತ್ತು.

ಹಾಗಂತ ಪರ್ಚ್ ಕೈಚೆಲ್ಲಿ ಕೂರಲಿಲ್ಲ. ಕಾಯಿಲೆಯ ಮಕ್ಕಳಲ್ಲಿ ಯಾವುದು ಹೆಚ್ಚು, ಉಳಿದವರಲ್ಲಿ ಯಾವುದು ಹೆಚ್ಚು ಅನ್ನುವುದನ್ನು ಹೋಲಿಸಿ, ಪ್ರತಿ ಪರೀಕ್ಷೆ ಎಷ್ಟು ನಂಬಬಹುದು ಅಂತ ತೂಗಿ, ಸಂಭವನೀಯತೆಯ ಲೆಕ್ಕದಲ್ಲಿ ಪಾಲು ಹಂಚಿದರು. ವೈರಸ್‌ಗಳ ಪಾಲು ಶೇ 61.4, ಬ್ಯಾಕ್ಟೀರಿಯಾ ಶೇ 27.3, ಟಿಬಿ ಶೇ 5.9. ಆರ್‌ಎಸ್‌ವಿ ಎಂಬ ಒಂದೇ ವೈರಸ್ ಶೇ 31ರಷ್ಟಕ್ಕೆ ಕಾರಣ. ಆರ್‌ಎಸ್‌ವಿ ಮೂಗಲ್ಲಿ ಸಿಕ್ಕರೆ ಅದಕ್ಕೆ ನಿಜಕ್ಕೂ ತೂಕ ಇದೆ, ಯಾಕೆಂದರೆ ನ್ಯುಮೋನಿಯಾ ಇಲ್ಲದ ಮಕ್ಕಳಲ್ಲಿ ಅದು ಕಾಣೋದು ಕಡಿಮೆ. ರೈನೋವೈರಸ್ ಸಿಕ್ಕರೆ ಅಷ್ಟು ತೂಕ ಇಲ್ಲ.

ಆದರೆ ಗಮನಿಸಿ, ಇದು ಸಾವಿರಾರು ಮಕ್ಕಳ ಗುಂಪಿನ ಲೆಕ್ಕ. ದಾವಣಗೆರೆಯ ಆ ಹಾಸಿಗೆಯ ಮೇಲಿನ ಮಗುವಿನ ಕಾರಣವನ್ನು ಇದು ಹೇಳುವುದಿಲ್ಲ.

ಆ ಜನವರಿಯ ವಾರ

2025ರ ಜನವರಿ 6 ನೆನಪಿದೆಯಾ? ಬೆಂಗಳೂರಿನಲ್ಲಿ ಮೂರು ತಿಂಗಳ ಹೆಣ್ಣುಮಗು ಮತ್ತು ಎಂಟು ತಿಂಗಳ ಗಂಡುಮಗುವಿಗೆ ಎಚ್‌ಎಂಪಿವಿ ಅಂತ ಐಸಿಎಂಆರ್ ಹೇಳಿದ ದಿನ. ಟಿವಿಗಳಲ್ಲಿ ಕೆಂಪು ಪಟ್ಟಿ, "ದೇಶದ ಮೊದಲ ಕೇಸ್", ಮತ್ತೆ ಲಾಕ್‌ಡೌನಾ ಎಂಬ ಪ್ರಶ್ನೆ. ಅವತ್ತು ಸೆನ್ಸೆಕ್ಸ್ ಸಾವಿರದ ಇನ್ನೂರಕ್ಕೂ ಹೆಚ್ಚು ಅಂಕ ಬಿತ್ತು. ಇಬ್ಬರು ಮಕ್ಕಳೂ ವಿದೇಶಕ್ಕೆ ಹೋದವರಲ್ಲ. ಇಬ್ಬರೂ ಬ್ರಾಂಕೋನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದ್ದವರು, ಹೆಣ್ಣುಮಗು ಅಷ್ಟರಲ್ಲಾಗಲೇ ಮನೆಗೆ ಹೋಗಿತ್ತು.

ಎಚ್‌ಎಂಪಿವಿ ಹೊಸದೂ ಅಲ್ಲ. 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ್ದು, ಅದಕ್ಕೂ ದಶಕಗಳ ಮೊದಲಿನಿಂದ ಮಕ್ಕಳಲ್ಲಿ ಓಡಾಡುತ್ತಿದ್ದದ್ದು. ಪರ್ಚ್ ಪಟ್ಟಿಯಲ್ಲೂ ಅದಕ್ಕೆ ಜಾಗ ಇದೆ, ನ್ಯುಮೋನಿಯಾ ತರುತ್ತದೆ ನಿಜ. ಆ ಎರಡು ಕೇಸ್ ಸಿಕ್ಕಿದ್ದು ವೈರಸ್ ಅವತ್ತು ಬಂದಿದ್ದರಿಂದಲ್ಲ, ಅವತ್ತು ಯಾರೋ ಹುಡುಕಿದ್ದರಿಂದ. ಹುಡುಕದ ವಾರ್ಡುಗಳಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಅದೇ ವಾರ, ಜನವರಿ 7ರಿಂದ, ಫ್ರೀಡಂ ಪಾರ್ಕ್‌ನಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15 ಸಾವಿರ. 10ನೇ ತಾರೀಖು, ಕನಿಷ್ಠ 10 ಸಾವಿರ ಖಾತ್ರಿ ಎಂಬ ಭರವಸೆ ಪಡೆದು ಎದ್ದರು. ಈ ಎರಡು ಸುದ್ದಿಗಳಿಗೂ ಸಂಬಂಧ ಇದೆ ಅಂತ ಅವತ್ತು ನನಗೂ ಹೊಳೆದಿರಲಿಲ್ಲ. ಈಗ ಹೇಳುತ್ತೇನೆ.

ಹೆಸರು ಗೊತ್ತಿಲ್ಲದೆ ಬದುಕಿಸುವುದು

ಕಾರಣ ಗೊತ್ತಿಲ್ಲದಿದ್ದರೂ ಚಿಕಿತ್ಸೆ ಕೊಡಲೇಬೇಕಲ್ಲ? ಇದಕ್ಕೆ ದಾರಿ ಹುಡುಕಿದವರಲ್ಲೂ ಅದೇ ಫ್ರಾಂಕ್ ಶಾನ್ ಇದ್ದಾರೆ. ಎಕ್ಸ್‌ರೇ, ಲ್ಯಾಬು ಏನೂ ಇಲ್ಲದ ಕಡೆ ನ್ಯುಮೋನಿಯಾ ಗುರುತಿಸುವುದು ಹೇಗೆ? ಉಸಿರು ಎಣಿಸಿ. ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಇದೇ. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ವೇಗದ ಉಸಿರು. ಜೊತೆಗೆ ಎದೆಗೂಡಿನ ಕೆಳಭಾಗ ಒಳಕ್ಕೆ ಹೋಗುತ್ತಿದೆಯಾ, ಹಾಲು ಕುಡಿಯುತ್ತಿಲ್ಲವಾ, ಎಬ್ಬಿಸಿದರೂ ಏಳುತ್ತಿಲ್ಲವಾ ನೋಡಬೇಕು.

ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಇದನ್ನೇ ಹಳ್ಳಿಯವರ ಕೈಗೆ ಕೊಟ್ಟರು. ಹೆಚ್ಚು ಓದು ಬಾರದವರೂ ಎಣಿಸುವಂತೆ ಮರಳು ಗಡಿಯಾರ, ಮಣಿಗಳ ಒಂದು ಸಾಧನವನ್ನೂ ಮಾಡಿದರು. ತರಬೇತಾದ ಊರಿನವರೇ ಉಸಿರು ಎಣಿಸಿ ಆ್ಯಂಟಿಬಯಾಟಿಕ್ ಕೊಟ್ಟ ಹಳ್ಳಿಗಳಲ್ಲಿ ನ್ಯುಮೋನಿಯಾ ಸಾವು, ಹಾಗೆ ಮಾಡದ ಹಳ್ಳಿಗಳಿಗಿಂತ ಅರ್ಧದಷ್ಟು ಕಡಿಮೆ ಇತ್ತು. ಅದು 1990ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವರದಿ. ಯಾವ ಮಗುವಿಗೆ ಯಾವ ಸೂಕ್ಷ್ಮಾಣು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ.

ಈ ವಿಧಾನಕ್ಕೂ ಬೆಲೆ ಇದೆ. ಉಸಿರು ವೇಗವಾಗಿದೆ ಅಂತ ಕೊಟ್ಟ ಆ್ಯಂಟಿಬಯಾಟಿಕ್‌ಗಳಲ್ಲಿ ಬಹುಪಾಲು ವೈರಸ್ ಮಕ್ಕಳಿಗೆ ಹೋಗುತ್ತದೆ, ಅವರಿಗೆ ಅದರಿಂದ ಲಾಭ ಇಲ್ಲ, ಊರಿಗೆ ಔಷಧ ನಿರೋಧಕತೆ ಬೇರೆ. ಹಾಗಾದರೆ ನಿಲ್ಲಿಸಿಬಿಡಬಹುದಾ? ಕರಾಚಿಯ ಬಡ ಬಡಾವಣೆಗಳಲ್ಲಿ 4,002 ಮಕ್ಕಳ ಮೇಲೆ ಈ ಪ್ರಶ್ನೆಯನ್ನೇ ಪರೀಕ್ಷಿಸಿದರು. ವೇಗದ ಉಸಿರು ಇದೆ, ಬೇರೆ ಅಪಾಯದ ಲಕ್ಷಣ ಇಲ್ಲ, ಅಂಥ ಮಕ್ಕಳಲ್ಲಿ ಅರ್ಧ ಮಂದಿಗೆ ಅಮಾಕ್ಸಿಸಿಲಿನ್, ಅರ್ಧ ಮಂದಿಗೆ ಔಷಧವಿಲ್ಲದ ಹುಸಿ ಸಿರಪ್ಪು. ಔಷಧ ಪಡೆದವರಲ್ಲಿ ಶೇ 2.6 ಮಕ್ಕಳಿಗೆ ಚಿಕಿತ್ಸೆ ವಿಫಲವಾಯಿತು, ಹುಸಿ ಪಡೆದವರಲ್ಲಿ ಶೇ 4.9. ಅಂದರೆ ಒಂದು ಮಗುವಿಗೆ ಉಪಯೋಗವಾಗಲು 44 ಮಕ್ಕಳಿಗೆ ಔಷಧ ಕೊಡಬೇಕು.

ಇದನ್ನು ಹೇಗೆ ಓದುತ್ತೀರಿ? ಔಷಧ ಇಲ್ಲದೆಯೂ ನೂರಕ್ಕೆ 95 ಮಕ್ಕಳು ಸುಧಾರಿಸಿದರು ಅಂತಲೂ ಓದಬಹುದು. ಆ ಒಂದು ಮಗು ನಮ್ಮನೆಯದಾದರೆ ಅಂತಲೂ ಓದಬಹುದು. ನಾನು ಎರಡನೇ ಪಕ್ಷ. ಎರಡು ದಿನ ಬಿಟ್ಟು ಮಗುವನ್ನು ಮತ್ತೆ ನೋಡಲು ಯಾರಾದರೂ ಬರುತ್ತಾರೆ ಎಂಬ ಖಾತ್ರಿ ಇರುವ ಊರಿನಲ್ಲಿ ಕಾದು ನೋಡುವುದು ಸರಿ. ಆ ಖಾತ್ರಿ ಇಲ್ಲದ ಕಡೆ ಡಾಕ್ಟರಿಗೆ ಆ್ಯಂಟಿಬಯಾಟಿಕ್ ಬರೆಯಬೇಡಿ ಅಂತ ಉಪದೇಶ ಮಾಡೋದು ಸುಲಭ, ಅಷ್ಟೇ.

ಮತ್ತೆ ನೋಡಲು ಬರುವ ಆ "ಯಾರಾದರೂ" ಯಾರು? ಆಶಾ. 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ 'ಸಾನ್ಸ್' ಅಭಿಯಾನದಲ್ಲಿ, ನ್ಯುಮೋನಿಯಾ ಲಕ್ಷಣ ಇರುವ ಮಗುವಿಗೆ ಆಸ್ಪತ್ರೆಗೆ ಕಳಿಸುವ ಮೊದಲು ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಡುವ ಜವಾಬ್ದಾರಿ ಆಶಾ ಮೇಲಿದೆ. ಕೇಂದ್ರಗಳಲ್ಲಿ ಪಲ್ಸ್ ಆಕ್ಸಿಮೀಟರ್ ಬಳಸಬೇಕು ಅಂತಲೂ ಇದೆ. ಸ್ಟುಡಿಯೋದಲ್ಲಿ ವೈರಸ್‌ನ ಹೆಸರು ಬಿಡಿಸಿ ಬಿಡಿಸಿ ಹೇಳುತ್ತಿದ್ದ ಹೊತ್ತಿಗೆ, ಉಸಿರು ಎಣಿಸುವವರು ಫ್ರೀಡಂ ಪಾರ್ಕ್‌ನಲ್ಲಿ ಕೂತಿದ್ದರು.

ಆಕ್ಸಿಮೀಟರ್ ಬಗ್ಗೆ ಒಂದು ಮಾತು. ನೋಡಿ ಮಾತ್ರ ಹೇಳಲಾಗದ ಒಂದು ಅಪಾಯ ಅಂದರೆ ರಕ್ತದಲ್ಲಿ ಆಕ್ಸಿಜನ್ ಇಳಿದಿರುವುದು. ಅದು ಶೇ 90ಕ್ಕಿಂತ ಕೆಳಗಿದ್ದರೆ ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬ ಚರ್ಚೆ ಆಮೇಲೆ, ಮೊದಲು ಆಕ್ಸಿಜನ್. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಕ್ಲಿಪ್ ಕೂಸುಗಳ ಬೆರಳಿಗೆ ನಿಲ್ಲುವುದಿಲ್ಲ, ಪಾದಕ್ಕೋ ಹೆಬ್ಬೆರಳಿಗೋ ಸುತ್ತುವ ಬೇರೆ ಪ್ರೋಬ್ ಬೇಕು. ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ "ಮಕ್ಕಳ ಪ್ರೋಬ್ ಇದೆಯಾ" ಅಂತ ಒಮ್ಮೆ ಕೇಳಿ. ಪಂಚಾಯ್ತಿ ಮೆಂಬರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ತಿರುಗಾ ಮುರುಗಾ ರೋಗನಿರ್ಣಯ

ಹಾಗಾದರೆ ಕಾರಣ ಹುಡುಕೋದೇ ದಂಡವಾ? ಅಲ್ಲ. ಒಂದು ಮಗುವಿಗೆ ಉತ್ತರ ಸಿಗದಿದ್ದರೂ ಊರಿಗೆ ಉತ್ತರ ಬೇಕು, ಯಾವ ಲಸಿಕೆ ಕೊಡಬೇಕು ಅಂತ ತೀರ್ಮಾನಿಸಲು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ತರ್ಕ ಇದೆ. ಗ್ಯಾಂಬಿಯಾದಲ್ಲಿ 17 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ನ್ಯುಮೊಕಾಕಸ್ ಲಸಿಕೆಯ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಲಸಿಕೆ ಪಡೆದವರಲ್ಲಿ ಎಕ್ಸ್‌ರೇಯಲ್ಲಿ ಕಾಣುವ ನ್ಯುಮೋನಿಯಾ ಶೇ 37 ಕಡಿಮೆ, ಎಲ್ಲ ಕಾರಣದ ಸಾವು ಶೇ 16 ಕಡಿಮೆ. ಲಸಿಕೆ ತಡೆಯೋದು ನ್ಯುಮೊಕಾಕಸ್‌ನ ಒಂಬತ್ತು ತಳಿಗಳನ್ನು ಮಾತ್ರ. ಅಂದರೆ ಅಲ್ಲಿನ ಮೂರನೇ ಒಂದಕ್ಕಿಂತ ಹೆಚ್ಚು ನ್ಯುಮೋನಿಯಾಕ್ಕೆ ಈ ಒಂಬತ್ತೇ ಕಾರಣ ಇದ್ದಿರಬೇಕು. ರಕ್ತದ ಕಲ್ಚರ್ ಇಷ್ಟನ್ನು ಎಂದೂ ತೋರಿಸಿರಲಿಲ್ಲ. ಮನೆಯಲ್ಲಿ ಕರೆಂಟು ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದಿದ್ದಾಗ ಒಂದೊಂದೇ ಫ್ಯೂಸ್ ತೆಗೆದು ಮೀಟರ್ ನೋಡುತ್ತೀವಲ್ಲ, ಹಾಗೆ.

ಭಾರತದಲ್ಲಿ ಈ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ ಬಂದಿದ್ದು 2017ರಲ್ಲಿ, ಹಿಮಾಚಲ ಮತ್ತು ಉತ್ತರಪ್ರದೇಶ, ಬಿಹಾರಗಳ ಕೆಲವು ಜಿಲ್ಲೆಗಳಲ್ಲಿ. ದೇಶಪೂರ್ತಿ ವಿಸ್ತರಿಸಿದ್ದು 2021ರಲ್ಲಿ. ಅಮೆರಿಕದ ಮಕ್ಕಳಿಗೆ ಅದು 2000ದಲ್ಲಿ, ಗ್ಯಾಂಬಿಯಾದ ಮಕ್ಕಳಿಗೆ 2009ರಲ್ಲಿ ಸಿಕ್ಕಿತ್ತು. ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಡೋಸ್‌ಗೆ ಸಾವಿರಾರು ರೂಪಾಯಿ ಕೊಡಬಲ್ಲವರ ಮಕ್ಕಳಿಗೆ ಇತ್ತು, ರಾಯಚೂರಿನ ಕೂಲಿಯವರ ಮಕ್ಕಳಿಗೆ ಇರಲಿಲ್ಲ. "ನಮ್ಮ ದೇಶದ ಸ್ವಂತ ದತ್ತಾಂಶ ಎಲ್ಲಿ?" ಅನ್ನುವುದು ಆ ವರ್ಷಗಳ ಚರ್ಚೆಯ ಒಂದು ಎಳೆಯಾಗಿತ್ತು. ಪ್ರಶ್ನೆ ತಪ್ಪಲ್ಲ. ಆದರೆ ಪರ್ಚ್‌ನ ಏಳು ದೇಶಗಳಲ್ಲಿ ಭಾರತ ಇಲ್ಲ. ಈಗ ಆರ್‌ಎಸ್‌ವಿ ಸರದಿ. ಗರ್ಭಿಣಿಯರಿಗೆ ಕೊಡುವ ಲಸಿಕೆ, ಕೂಸಿಗೆ ಕೊಡುವ ಪ್ರತಿಕಾಯದ ಇಂಜೆಕ್ಷನ್ ಎರಡಕ್ಕೂ ಅಮೆರಿಕದಲ್ಲಿ 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ನಮ್ಮಲ್ಲಿ ಆ ಚರ್ಚೆ ಎದ್ದಾಗ ಮತ್ತದೇ ದತ್ತಾಂಶದ ಪ್ರಶ್ನೆ ಬರುತ್ತದೆ, ನೋಡುತ್ತಿರಿ. ಕೋವಿಡ್ ಕಾಲದಲ್ಲಿ ಬಂದ ಪಿಸಿಆರ್ ಯಂತ್ರಗಳನ್ನು, ಆರೋಗ್ಯವಂತ ಮಕ್ಕಳ ಸ್ವ್ಯಾಬ್ ಕೂಡ ಸೇರಿಸಿ, ಇದಕ್ಕಾಗಿ ದುಡಿಸಬಹುದು. ಅದನ್ನು ಮಾಡಬೇಕಾದ್ದು ಸರ್ಕಾರ. ಒಂಬತ್ತು ಸಾವಿರದ ಬಿಲ್ಲು ಕಟ್ಟಿ ಒಬ್ಬೊಬ್ಬ ತಾಯಿ ಮಾಡುವ ಕೆಲಸ ಅಲ್ಲ.

"ಎಲ್ಲಾ ಬಡತನದಿಂದ, ಒಲೆ ಹೊಗೆಯಿಂದ" ಅಂತ ಮುಗಿಸಿಬಿಡುವ ಗೆಳೆಯರಿಗೂ ಒಂದು ಮಾತು. ಅಪೌಷ್ಟಿಕತೆ ನ್ಯುಮೋನಿಯಾವನ್ನು ಸಾವಿನತ್ತ ತಳ್ಳುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಹೊಗೆಯ ವಿಷಯ ಅಷ್ಟು ನೇರ ಅಲ್ಲ. ತಮಿಳುನಾಡೂ ಸೇರಿ ನಾಲ್ಕು ದೇಶಗಳಲ್ಲಿ ಬಸುರಿಯರ ಮನೆಗೆ ಗ್ಯಾಸ್ ಒಲೆ, ಸಿಲಿಂಡರ್ ಉಚಿತವಾಗಿ ಕೊಟ್ಟು ನೋಡಿದ ಹ್ಯಾಪಿನ್ ಪ್ರಯೋಗದಲ್ಲಿ, ಹುಟ್ಟಿದ ಕೂಸುಗಳಿಗೆ ಮೊದಲ ವರ್ಷ ಬರುವ ತೀವ್ರ ನ್ಯುಮೋನಿಯಾ ಕಡಿಮೆಯಾಗಲಿಲ್ಲ. ಫಲಿತಾಂಶ ಬಂದಿದ್ದು 2024ರಲ್ಲಿ. ಗ್ಯಾಸ್ ಬೇಡ ಅಂತಲ್ಲ, ಹೆಂಗಸರ ಕಣ್ಣು, ಎದೆ, ಸಮಯಕ್ಕಾಗಿ ಅದು ಬೇಕೇ ಬೇಕು. ಇಲ್ಲೂ ಕಣ್ಣಿಗೆ ಕಂಡಿದ್ದನ್ನೇ ಕಾರಣ ಅನ್ನುವ ಅವಸರ ಬೇಡ ಅಷ್ಟೇ.

ಅಕ್ಕನಿಗೆ ಇದನ್ನೆಲ್ಲ ಹೇಳಲಿಲ್ಲ. ಅವಳ ಪ್ರಶ್ನೆ ಬೇರೆ ಇತ್ತು: "ನ್ಯುಮೊಕಾಕಸ್ ಲಸಿಕೆ ಮೂರೂ ಡೋಸ್ ಅಂಗನವಾಡಿಯಲ್ಲಿ ಹಾಕಿಸಿದ್ದೆವಲ್ಲೋ, ಮತ್ತೆ ಹೇಗೆ ಬಂತು?" ಆ ಬ್ಯಾಕ್ಟೀರಿಯಾದಲ್ಲಿ ನೂರಕ್ಕಿಂತ ಹೆಚ್ಚು ತಳಿಗಳಿವೆ, ಲಸಿಕೆಯಲ್ಲಿ ಇರೋದು ಹತ್ತು-ಹದಿಮೂರು, ಅತಿ ಕೆಟ್ಟವು. ಅವನ ಮೂಗಲ್ಲಿ ಇದ್ದಿದ್ದು ಯಾವ ತಳಿ ಅಂತ ರಿಪೋರ್ಟ್ ಹೇಳಿರಲಿಲ್ಲ. ಲಸಿಕೆ ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಮಾತ್ರ ಹೇಳಿದೆ.

ಐದನೇ ದಿನ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಹಾಳೆಯಲ್ಲಿ ಕಾಯಿಲೆಯ ಹೆಸರು ಬ್ರಾಂಕೋನ್ಯುಮೋನಿಯಾ ಅಂತ ಇತ್ತು, ಕಾರಣದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಪಿಡಿಎಫ್ ಅನ್ನು ಅಕ್ಕ ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದಳು. ಮೊನ್ನೆ ಮಗುವಿಗೆ ಮತ್ತೆ ನೆಗಡಿ. ಈ ಸಲ ರಿಪೋರ್ಟ್ ಬರಲಿಲ್ಲ, ಒಂದು ವಾಯ್ಸ್ ಮೆಸೇಜ್ ಬಂತು: "ಮಲಗಿದ್ದಾಗ ಮೊಬೈಲ್ ಇಟ್ಕೊಂಡು ಎಣಿಸಿದೆ ಕಣೋ. ಮೂವತ್ತೆರಡು. ಪಕ್ಕೆನೂ ಸೇದ್ತಿಲ್ಲ. ಬೆಳಿಗ್ಗೆ ಇನ್ನೊಂದ್ಸಲ ಎಣಿಸ್ತೀನಿ."